ಗುಂಡಿಗೆ ಗುಂಡಗಾದಾಗ

ಎರಡು ಹೃದಯಗಳನ್ನು ಕಾಗದದ ಮೇಲೆ ಕಟ್ಟಿ ನೋಡಿ. ಒಂದರ ಎಡ ಹೃತ್ಕುಕ್ಷಿಯ, ಎಂದರೆ ಇಡೀ ಮೈಗೆ ರಕ್ತ ತಳ್ಳುವ ಎಡಗಡೆಯ ಕೆಳಕೋಣೆಯ, ಗೋಡೆ 1.2 ಸೆಂಟಿಮೀಟರ್ ದಪ್ಪ. ಒಳಗಿನ ಅಗಲ 4.4 ಸೆಂಟಿಮೀಟರ್. ಇನ್ನೊಂದರ ಗೋಡೆ ಬರೀ 0.8 ಸೆಂಟಿಮೀಟರ್, ಆದರೆ ಒಳಗೆ 6.2 ಸೆಂಟಿಮೀಟರ್ ಬಯಲು. ಎಕೋ ಎಂಬ ಹೃದಯದ ಸ್ಕ್ಯಾನ್ ಮಾಡುವ ಕೊಠಡಿಗಳಲ್ಲಿ ದಿನವೂ ಬಳಸುವ ಸೂತ್ರಕ್ಕೆ ಈ ಅಂಕಿಗಳನ್ನು ಹಾಕಿ ಮಾಂಸದ ತೂಕ ತೆಗೆದರೆ ಮೊದಲನೆಯದು 191 ಗ್ರಾಂ, ಎರಡನೆಯದು 197 ಗ್ರಾಂ. ಆರೇ ಗ್ರಾಂ ವ್ಯತ್ಯಾಸ! ತಕ್ಕಡಿಗೆ ಇವೆರಡೂ ಒಂದೇ. ಆದರೆ ಒಂದು ಮುದುಡಿ ಬಿಗಿದುಕೊಂಡಿದೆ, ಇನ್ನೊಂದು ಹಿಗ್ಗಿ ತೆಳುವಾಗಿದೆ. ಎರಡೂ ನಡೆದು ಬಂದ ದಾರಿ ಬೇರೆ, ಮುಂದೆ ಸೋಲುವ ಬಗೆಯೂ ಬೇರೆ. ತಕ್ಕಡಿ ಮುಚ್ಚಿಟ್ಟ ಇಷ್ಟು ದೊಡ್ಡ ಸುದ್ದಿಯನ್ನು ಆಕಾರ ಬಾಯಿಬಿಟ್ಟು ಹೇಳುತ್ತಿದೆ.

ಇನ್ನೂ ಒಂದು ಲೆಕ್ಕ ಇದೆ, ಅದು ನನ್ನನ್ನು ಮೊದಲನೆಯದಕ್ಕಿಂತ ಹೆಚ್ಚು ಬೆರಗಾಗಿಸಿತು. ಆ ಅಗಲಗಳಿಂದ ಕೋಣೆಯ ಅಳತೆ ತೆಗೆದರೆ ಮೊದಲನೆಯದು ಸುಮಾರು 88 ಮಿಲಿಲೀಟರ್ ರಕ್ತ ಹಿಡಿಯುತ್ತದೆ, ಎರಡನೆಯದು 194. ಮೊದಲನೆಯದು ತನ್ನಲ್ಲಿರುವುದರಲ್ಲಿ ಶೇ 60ರಷ್ಟನ್ನು ಹೊರಗೆ ತಳ್ಳಿದರೆ ಒಂದು ಬಡಿತಕ್ಕೆ 53 ಮಿಲಿಲೀಟರ್. ಎರಡನೆಯದು ಶೇ 28ರಷ್ಟು ತಳ್ಳಿದರೂ 54! ಶಕ್ತಿ ಕುಂದಿದ ಹೃದಯ ಕೋಣೆಯನ್ನು ಹಿಗ್ಗಿಸಿಕೊಂಡು ಮೈಗೆ ಬೇಕಾದ ರಕ್ತವನ್ನು ಹೇಗೋ ಸರಿದೂಗಿಸುತ್ತಿದೆ. ಯಾರಿಗೂ ತಿಳಿಸದೆ, ಎದೆಯೊಳಗೇ, ದಿನಕ್ಕೆ ಒಂದು ಲಕ್ಷ ಸಲ ಬಡಿಯುತ್ತಾ.

ಕೋಲಾರ ತಾಲ್ಲೂಕಿನ ಹುತ್ತೂರು ಹೋಬಳಿಯ ಕಡೆ ಯಾರಾದರೂ ಎದೆಯ ಸ್ಕ್ಯಾನ್ ಮಾಡಿಸಿಕೊಂಡು ಬಂದರೆ ಮನೆಮಂದಿ ಕೇಳುವ ಮೊದಲ ಮಾತು, "ಪಂಪಿಂಗ್ ಎಷ್ಟೈತಂತೆ?" ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಲ್ಲೂ ಅದೇ ಪ್ರಶ್ನೆ. ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಗೋ ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆಗೋ ಹೋಗಿ ಬಂದವರು, ಇಲ್ಲವೇ ಬೆಳಗಿನ ಬಸ್ಸು ಹತ್ತಿ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗಿ ಬಂದವರು ಹೇಳುವುದೂ ಒಂದೇ ಅಂಕಿ: ಕೋಣೆಯಲ್ಲಿರುವ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೃದಯ ಹೊರಗೆ ತಳ್ಳುತ್ತದೆ ಎಂಬುದು. ಅರವತ್ತು ಅಂದರೆ ಎಲ್ಲರ ಮುಖ ಅರಳುತ್ತದೆ, ಮೂವತ್ತು ಅಂದರೆ ಮನೆ ಮೌನವಾಗುತ್ತದೆ. ಅದೇ ವರದಿಯ ಮೇಲ್ಭಾಗದಲ್ಲಿ, ಯಾರೂ ಓದದ ಸಾಲುಗಳಲ್ಲಿ, ಗೋಡೆಯ ದಪ್ಪ ಮತ್ತು ಕೋಣೆಯ ಅಗಲ ಅಚ್ಚಾಗಿರುತ್ತವೆ. ಪಂಪಿಂಗ್ ಅರವತ್ತಿದ್ದೂ ನಾಲ್ಕು ಹೆಜ್ಜೆಗೆ ದಮ್ಮು ಬರುವವರಿದ್ದಾರೆ. ಅವರ ಗೋಡೆ ದಪ್ಪಗಾಗಿ, ಪೆಡಸಾಗಿ, ರಕ್ತ ತುಂಬಿಕೊಳ್ಳಲು ಕೋಣೆ ಸಡಿಲಗೊಳ್ಳುವುದೇ ಇಲ್ಲ. ಒತ್ತಡ ಹಿಂದಕ್ಕೆ ಶ್ವಾಸಕೋಶಕ್ಕೆ ಏರುತ್ತದೆ. ಇಂಥವರ ಕಷ್ಟಕ್ಕೆ ಪಂಪಿಂಗ್ ಅಂಕಿಯಲ್ಲಿ ಉತ್ತರವಿಲ್ಲ.

ಈ ಆಕಾರಗಳನ್ನು ಅಚ್ಚುಕಟ್ಟಾಗಿ ವಿಂಗಡಿಸಿದ ಕೆಲಸವೊಂದು 1992ರಲ್ಲಿ ಪ್ರಕಟವಾಯಿತು. ಇಟಲಿಯ ಆಂತೊನೆಲ್ಲೊ ಗನಾವು, ನ್ಯೂಯಾರ್ಕಿನ ರಿಚರ್ಡ್ ಡೆವರೋ ಮತ್ತು ಸಂಗಡಿಗರು ರಕ್ತದೊತ್ತಡವಿದ್ದರೂ ಇನ್ನೂ ಮಾತ್ರೆ ಶುರುಮಾಡದ 165 ಮಂದಿಯ ಎಡ ಹೃತ್ಕುಕ್ಷಿಯನ್ನು ಅಳೆದರು. ಅವರು ಕೇಳಿದ್ದು ಎರಡೇ ಪ್ರಶ್ನೆ. ಮಾಂಸ ಹೆಚ್ಚಾಗಿದೆಯೇ? ಕೋಣೆಯ ಅಗಲಕ್ಕೆ ಹೋಲಿಸಿದರೆ ಗೋಡೆ ದಪ್ಪವೇ? ಎರಡು ಪ್ರಶ್ನೆಗೆ ಎರಡೆರಡು ಉತ್ತರ. ಹಾಗಾಗಿ ನಾಲ್ಕು ಮನೆ. ಮಾಂಸವೂ ಸರಿ, ಅಳತೆಯೂ ಸರಿ ಎಂಬುದು ಸಹಜ ಆಕಾರ. ಮಾಂಸ ಹೆಚ್ಚಿಲ್ಲ, ಆದರೆ ಗೋಡೆ ದಪ್ಪ, ಕೋಣೆ ಕಿರಿದು ಎಂದರೆ ಅದು ಕಾನ್ಸೆಂಟ್ರಿಕ್ ರೀಮಾಡೆಲಿಂಗ್. ಮಾಂಸವೂ ಹೆಚ್ಚು, ಗೋಡೆಯೂ ದಪ್ಪ ಎಂದರೆ ಕಾನ್ಸೆಂಟ್ರಿಕ್ ಹೈಪರ್ಟ್ರೋಫಿ. ಸಣ್ಣಮೈಯವರದ್ದಾದರೆ ನಮ್ಮ ಮೊದಲ ಹೃದಯ ಇಲ್ಲಿ ಕೂರುತ್ತದೆ. ಮಾಂಸ ಹೆಚ್ಚು, ಆದರೆ ಕೋಣೆಯೇ ಹಿಗ್ಗಿದೆ ಎಂದರೆ ಎಕ್ಸೆಂಟ್ರಿಕ್ ಹೈಪರ್ಟ್ರೋಫಿ, ಎರಡನೆಯದು ಅಲ್ಲಿ.

ಲೆಕ್ಕ ಎಷ್ಟು ಸರಳ ನೋಡಿ! ಗೋಡೆಯ ದಪ್ಪವನ್ನು ಇಮ್ಮಡಿಸಿ ಕೋಣೆಯ ಅಗಲದಿಂದ ಭಾಗಿಸಿದರೆ ಮುಗಿಯಿತು. ಇಂದು ಎಲ್ಲರೂ ಒಪ್ಪಿರುವ ಗೆರೆ 0.42. ನಮ್ಮ ಮೊದಲ ಹೃದಯದ್ದು 0.55, ಎರಡನೆಯದರದ್ದು 0.26. ಮಾಂಸಕ್ಕೂ ಗೆರೆ ಇದೆ: ಮೈಯ ಹೊರಮೈ ಅಳತೆಯ ಪ್ರತಿ ಚದರ ಮೀಟರಿಗೆ ಗಂಡಸರಲ್ಲಿ 115 ಗ್ರಾಂ, ಹೆಂಗಸರಲ್ಲಿ 95 ಗ್ರಾಂ. ಇವು ಪಾಶ್ಚಾತ್ಯ ಮೈಕಟ್ಟನ್ನು ಅಳೆದು ಎಳೆದ ಗೆರೆಗಳು ಎಂಬುದನ್ನು ನಮ್ಮವರು ಮರೆಯಬಾರದು. ಲಂಡನ್ನಿನಲ್ಲಿ ನೆಲೆಸಿದ ಭಾರತೀಯರನ್ನು ಅಲ್ಲಿನ ಯುರೋಪಿಯನ್ನರ ಜೊತೆ ಹೋಲಿಸಿ ನೋಡಿದಾಗ, ಮೈಯಳತೆಗೆ ಸರಿಹೊಂದಿಸಿದ ಮೇಲೂ ನಮ್ಮವರ ಹೃದಯದ ಕೋಣೆಗಳು ಚಿಕ್ಕವೇ ಎಂದು ತಿಳಿದುಬಂದಿದೆ. ಸಣ್ಣಮೈಯ ರೈತ ಮಹಿಳೆಗೆ ಅದೇ ಗೆರೆ ಹಿಡಿಯುವ ವೈದ್ಯರು ಇದನ್ನು ನೆನಪಿಟ್ಟುಕೊಳ್ಳಲೇಬೇಕು.

ಆ 165 ಜನರಲ್ಲಿ ಕಂಡದ್ದೇನು? ಬಿ.ಪಿ. ಇದ್ದರೆ ಗೋಡೆ ದಪ್ಪವಾಗುತ್ತದೆ ಎಂದು ಪಠ್ಯಪುಸ್ತಕಗಳು ಹೇಳುತ್ತಾ ಬಂದಿದ್ದವು. ಅಂಥ ಪಠ್ಯಪುಸ್ತಕದ ಹೃದಯ ಸಿಕ್ಕಿದ್ದು ಶೇ 8ರಷ್ಟು ಜನರಲ್ಲಿ ಮಾತ್ರ! ಶೇ 52ರಷ್ಟು ಮಂದಿಯ ಆಕಾರ ಸಹಜವಾಗಿಯೇ ಇತ್ತು, ಶೇ 27ರಷ್ಟು ಮಂದಿಯದ್ದು ಹಿಗ್ಗಿತ್ತು, ಶೇ 13ರಷ್ಟು ಮಂದಿಯದ್ದು ತೂಕ ಏರಿಸದೆಯೇ ಮುದುಡಿತ್ತು. ರೋಗ ಒಂದೇ, ಅದಕ್ಕೆ ಹೃದಯಗಳು ಕೊಟ್ಟ ಉತ್ತರ ನಾಲ್ಕು ಬಗೆ. ಹಿಂದಿನ ವರ್ಷವಷ್ಟೇ, 1991ರಲ್ಲಿ, ಅದೇ ನ್ಯೂಯಾರ್ಕ್ ತಂಡದ ಮೈಕೆಲ್ ಕೋರೆನ್ ಸುಮಾರು 250 ಬಿ.ಪಿ. ರೋಗಿಗಳನ್ನು ಹತ್ತು ವರ್ಷ ಹಿಂಬಾಲಿಸಿದ ಫಲ ಪ್ರಕಟವಾಗಿತ್ತು. ಸಹಜ ಆಕಾರದವರಲ್ಲಿ ಹೃದಯದ ಕಾರಣಕ್ಕೆ ಒಬ್ಬರೂ ಸತ್ತಿರಲಿಲ್ಲ. ಮಾಂಸ ಹೆಚ್ಚಿ ಗೋಡೆಯೂ ದಪ್ಪಗಾದವರಲ್ಲಿ ಶೇ 21ರಷ್ಟು ಮಂದಿ ತೀರಿಕೊಂಡಿದ್ದರು. ಹತ್ತು ವರ್ಷದ ಭವಿಷ್ಯ ಗೋಡೆಯ ಕೆಲವು ಮಿಲಿಮೀಟರುಗಳಲ್ಲಿ ಬರೆದಿತ್ತು!

ಗೋಡೆಗೆ ಈ ಬುದ್ಧಿ ಎಲ್ಲಿಂದ ಬಂತು? 1975ರಲ್ಲಿ ಅಮೆರಿಕದ ವಿಲಿಯಂ ಗ್ರಾಸ್‌ಮನ್ ಕೊಟ್ಟ ವಿವರಣೆಯನ್ನು ಓದುವಾಗ ಇಂದಿಗೂ ಮೈ ಜುಮ್ಮೆನ್ನುತ್ತದೆ. ಹೃದಯದ ಮಾಂಸದ ಪ್ರತಿ ಜೀವಕೋಶದೊಳಗೂ ಸಾರ್ಕೋಮಿಯರ್ ಎಂಬ ಕುಗ್ಗುವ ಘಟಕಗಳು ಸಾಲುಗಟ್ಟಿ ನಿಂತಿವೆ. ಒತ್ತಡ ಹೆಚ್ಚಾದರೆ, ಎಂದರೆ ಬಿ.ಪಿ. ಏರಿದರೆ ಅಥವಾ ಹೊರಬಾಗಿಲಿನ ಕವಾಟ ಕಿರಿದಾದರೆ, ಹೊಸ ಸಾರ್ಕೋಮಿಯರುಗಳು ಹಳೆಯವುಗಳ ಪಕ್ಕಕ್ಕೆ ಸೇರುತ್ತವೆ. ಕೋಶ ದಪ್ಪಗಾಗುತ್ತದೆ, ಗೋಡೆ ದಪ್ಪಗಾಗುತ್ತದೆ. ಬದಲಾಗಿ ತಳ್ಳಬೇಕಾದ ರಕ್ತವೇ ಹೆಚ್ಚಾದರೆ, ಕವಾಟ ಸೋರಿ ಹಿಂದಕ್ಕೆ ಬಂದರೆ, ಹೊಸವು ಹಳೆಯವುಗಳ ತುದಿಗೆ ಸೇರುತ್ತವೆ. ಕೋಶ ಉದ್ದವಾಗುತ್ತದೆ, ಕೋಣೆ ಹಿಗ್ಗುತ್ತದೆ. 1992ರಲ್ಲಿ ಮಾರ್ಟಿನ್ ಗರ್ಡಿಸ್ ಮತ್ತು ಜೊತೆಗಾರರು ರಕ್ತ ಪೂರೈಕೆ ಕಡಿಮೆಯಾಗಿ ಸೋತ ಮಾನವ ಹೃದಯಗಳಿಂದ ಒಂದೊಂದೇ ಕೋಶ ಬಿಡಿಸಿ ಅಳೆದರು: ಅವು ಸುಮಾರು ಶೇ 40ರಷ್ಟು ಉದ್ದವಾಗಿದ್ದವು. ಕೋಣೆಯ ಅಗಲ ಹೆಚ್ಚಿದ ಪ್ರಮಾಣಕ್ಕೂ ಇದಕ್ಕೂ ತಾಳೆಯಾಗುತ್ತಿತ್ತು. ಕಣ್ಣಿಗೆ ಕಾಣದ ಕೋಶದ ಉದ್ದ ಎಕೋ ತೆರೆಯ ಮೇಲೆ ಸೆಂಟಿಮೀಟರಾಗಿ ಬಂದು ನಿಂತಿದೆ!

ಹಿಗ್ಗುವುದು ಜಾಣತನವೇ ಆಗಿದ್ದರೆ ಅದು ಸೋಲಿನ ಗುರುತು ಯಾಕೆ? ಉತ್ತರ ಕೊಟ್ಟವನು ವೈದ್ಯನಲ್ಲ, ಗಣಿತಜ್ಞ. ಫ್ರಾನ್ಸಿನ ಲಾಪ್ಲಾಸ್ 1806ರಲ್ಲಿ ನೀರಿನ ಹನಿಗಳ ಹೊರಮೈ ಬಗ್ಗೆ ಬರೆದ ನಿಯಮವನ್ನು 1892ರಲ್ಲಿ ಆರ್.ಎಚ್. ವುಡ್ಸ್ ಹೃದಯಕ್ಕೆ ಹೊಂದಿಸಿದ. ಕೋಣೆ ಹಿಗ್ಗಿದಷ್ಟೂ ಗೋಡೆಯ ಎಳೆತ ಹೆಚ್ಚು. ಗೋಡೆ ದಪ್ಪಗಾದಷ್ಟೂ ಕಡಿಮೆ. ನಮ್ಮ ಎರಡು ಹೃದಯಗಳಿಗೆ ಇದನ್ನು ಹಚ್ಚಿದರೆ, ಬಿ.ಪಿ. ಎರಡರಲ್ಲೂ ಒಂದೇ ಇದ್ದರೂ ಎರಡನೆಯದರ ಗೋಡೆ ಮೊದಲನೆಯದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಎಳೆತ ತಾಳಬೇಕು. ಎಳೆತ ಹೆಚ್ಚಿದರೆ ಆಮ್ಲಜನಕ ಹೆಚ್ಚು ಬೇಕು, ಸಿಗದಿದ್ದರೆ ಕೋಶ ಸಾಯುತ್ತದೆ, ಸತ್ತರೆ ಗೋಡೆ ಇನ್ನೂ ತೆಳುವಾಗುತ್ತದೆ, ತೆಳುವಾದರೆ ಕೋಣೆ ಇನ್ನೂ ಹಿಗ್ಗುತ್ತದೆ. ಕಾಪಾಡಲು ಹೂಡಿದ ಉಪಾಯವೇ ಸುಳಿಯಾಗಿ ಒಳಗೆ ಎಳೆದುಕೊಳ್ಳುತ್ತದೆ. ಆಗ ಕಾಲು ಊದುತ್ತದೆ, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ, ಎರಡು ದಿಂಬು ಮೂರಾಗುತ್ತವೆ.

ಸೋಲುವ ಹೃದಯ ಅಗಲವಾಗುವುದಷ್ಟೇ ಅಲ್ಲ, ತನ್ನ ರೂಪವನ್ನೇ ಕಳೆದುಕೊಳ್ಳುತ್ತದೆ. ಸಹಜ ಎಡ ಹೃತ್ಕುಕ್ಷಿ ಶ್ರೀನಿವಾಸಪುರದ ತೋಟಗಳ ತೋತಾಪುರಿ ಮಾವಿನ ಹಾಗೆ ಉದ್ದ, ತುದಿ ಚೂಪು. ಸೋಲುತ್ತಾ ಹೋದಂತೆ ತುದಿ ಮೊಂಡಾಗಿ, ಪಕ್ಕಗಳು ಉಬ್ಬಿ, ಗುಂಡಿಗೆ ನಿಜಕ್ಕೂ ಗುಂಡಗಾಗುತ್ತದೆ. ಉದ್ದಕ್ಕೂ ಅಗಲಕ್ಕೂ ಇರುವ ಈ ಅನುಪಾತವನ್ನೂ ವೈದ್ಯರು ಅಳೆಯುತ್ತಾರೆ. ಗುಂಡಗಾದಾಗ ಒಳಗಿನ ಕವಾಟವನ್ನು ಹಿಡಿದ ಎಳೆಗಳ ಬುಡ ದೂರ ಸರಿಯುತ್ತದೆ, ಕವಾಟ ಪೂರ್ತಿ ಮುಚ್ಚಿಕೊಳ್ಳದೆ ಸೋರುತ್ತದೆ, ಸೋರಿದ ರಕ್ತ ಕೋಣೆಯನ್ನು ಮತ್ತಷ್ಟು ಹಿಗ್ಗಿಸುತ್ತದೆ.

ಹಿಗ್ಗಿದ್ದೆಲ್ಲ ರೋಗವೇ? ಅಲ್ಲ! ಅದೇ 1975ರಲ್ಲಿ ಜೋಯೆಲ್ ಮೊರ್ಗನ್‌ರಾತ್ ಮತ್ತು ಜೊತೆಗಾರರು ಕ್ರೀಡಾಪಟುಗಳ ಹೃದಯ ಅಳೆದರು. ದೂರ ಓಡುವವರದ್ದೂ ಈಜುವವರದ್ದೂ ವಿಶಾಲ ಕೋಣೆ. ಕುಸ್ತಿಯವರದ್ದೂ ಗುಂಡು ಎಸೆಯುವವರದ್ದೂ ದಪ್ಪ ಗೋಡೆ. ಗರಡಿಯ ಪೈಲ್ವಾನನ ಎದೆಗೂ ಮ್ಯಾರಥಾನ್ ಓಟಗಾರ್ತಿಯ ಎದೆಗೂ ಒಳಗಿನಿಂದಲೇ ವ್ಯತ್ಯಾಸ. 2019ರಲ್ಲಿ ರಾಬರ್ಟ್ ಶೇವ್, ಡೇನಿಯಲ್ ಲೀಬರ್‌ಮನ್, ಆ್ಯರನ್ ಬ್ಯಾಗಿಶ್ ತಂಡ ಇನ್ನೂ ಹಿಂದಕ್ಕೆ ಹೋಯಿತು. ಅವರು ಚಿಂಪಾಂಜಿಗಳ ಹೃದಯವನ್ನು ಮನುಷ್ಯರದ್ದರ ಜೊತೆ ಇಟ್ಟು ನೋಡಿದರು. ಆ ಮನುಷ್ಯರಲ್ಲಿ ಓಟಗಾರರಿದ್ದರು, ಅಮೆರಿಕನ್ ಫುಟ್‌ಬಾಲಿನ ದಾಂಡಿಗರಿದ್ದರು, ಕುಳಿತೇ ದಿನ ಕಳೆಯುವವರಿದ್ದರು, ಮೆಕ್ಸಿಕೋದ ಬೆಟ್ಟಗಳಲ್ಲಿ ಹೊಟ್ಟೆಪಾಡಿಗೆ ಬೇಸಾಯ ಮಾಡುವ ತರಾಹುಮಾರ ರೈತರಿದ್ದರು. ಕಂಡದ್ದು ಇದು: ಮನುಷ್ಯನ ಹೃದಯ ಹೊತ್ತುಗಟ್ಟಲೆ ನಡೆಯಲು, ದುಡಿಯಲು ಹೊಂದಿಕೊಂಡು ಬಂದಿದೆ. ಕೂತಲ್ಲೇ ಕೂತವರಲ್ಲಿ ಅದು ಚಿಂಪಾಂಜಿಯ ದಪ್ಪ, ಪೆಡಸು ರೂಪದ ಕಡೆಗೆ ವಾಲುತ್ತದೆ. ಇದನ್ನು ಓದುವಾಗ ನನಗೆ ರಾಗಿ ಹೊಲದಲ್ಲಿ ಕಳೆ ಕೀಳುವವರು, ಹಿಪ್ಪುನೇರಳೆ ಸೊಪ್ಪು ಹೊರುವವರು, ಟೊಮೆಟೊ ಕ್ರೇಟು ಎತ್ತುವವರು ನೆನಪಾದರು. ಇವರ ಹೃದಯಗಳ ಸಹಜ ಆಕಾರ ಯಾವುದು ಎಂದು ಅಳೆದು, ನಮ್ಮದೇ ಗೆರೆ ಎಳೆಯುವ ಕೆಲಸಕ್ಕಿಂತ ಸೊಗಸಾದ ಸಂಶೋಧನೆ ಕೋಲಾರ ಜಿಲ್ಲೆಯಲ್ಲಿ ಇನ್ನಾವುದಿದೆ? ಕ್ರೀಡಾಪಟುವಿನ ಹೃದಯ ಹಿಗ್ಗಿದರೂ ಚುರುಕಾಗಿ ಕುಗ್ಗುತ್ತದೆ, ಸಡಿಲವಾಗಿ ತುಂಬುತ್ತದೆ, ಓಟ ಬಿಟ್ಟರೆ ಬಹುಪಾಲು ಹಿಂದಕ್ಕೂ ಬರುತ್ತದೆ. ಆದ್ದರಿಂದ ಆಕಾರವನ್ನು ಓದುವವರು ಆ ಮನುಷ್ಯನ ಬದುಕನ್ನೂ ಓದಬೇಕು.

ಈ ಆಕಾರ ಕಣ್ಣಿಗೆ ಬಿದ್ದದ್ದೇ ಒಂದು ಅದ್ಭುತ. ಸ್ವೀಡನ್ನಿನ ಲುಂಡ್ ನಗರದ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುಟ್ ಹರ್ಟ್ಸ್ 1953ರಲ್ಲಿ ಮಾಲ್ಮೋ ಹಡಗುಕಟ್ಟೆಯಿಂದ ಯಂತ್ರವೊಂದನ್ನು ಎರವಲು ತಂದರು. ಲೋಹದೊಳಗಿನ ಬಿರುಕನ್ನು ಶಬ್ದದಿಂದ ಹುಡುಕುವ ಯಂತ್ರ ಅದು. ಅದನ್ನು ಎದೆಯ ಮೇಲಿಟ್ಟಾಗ ಒಳಗೆ ಬಡಿಯುವ ಗೋಡೆಯ ಮಾರ್ದನಿ ತೆರೆಯ ಮೇಲೆ ಕುಣಿಯಿತು. ನಮ್ಮ ಮಾಂಸದೊಳಗೆ ಶಬ್ದ ಸೆಕೆಂಡಿಗೆ ಸುಮಾರು 1,540 ಮೀಟರ್ ಓಡುತ್ತದೆ. ಹೋಗಿ ಬಂದ ಹೊತ್ತು ತಿಳಿದರೆ ದೂರ ತಿಳಿಯಿತು. ಇಂದು ಎಕೋ ಮಾಡುವವರು ಎದೆಗೆ ಜೆಲ್ ಹಚ್ಚಿ ಇಡುವ ಪ್ರೋಬಿನ ಮೂಲ ಆ ಹಡಗುಕಟ್ಟೆ.

ನಮ್ಮ ದೇಶದಲ್ಲಿ ಹೃದಯ ಸೋಲುವುದಕ್ಕೆ ದೊಡ್ಡ ಕಾರಣ ಹೃದಯಾಘಾತ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ರಾಷ್ಟ್ರೀಯ ಹೃದಯ ವೈಫಲ್ಯ ನೋಂದಣಿಯಲ್ಲಿ 53 ಆಸ್ಪತ್ರೆಗಳ ಸುಮಾರು 10,850 ರೋಗಿಗಳ ವಿವರ ಇದೆ. ಸರಾಸರಿ ವಯಸ್ಸು 60ರ ಆಸುಪಾಸು. ಹತ್ತರಲ್ಲಿ ಏಳು ಮಂದಿಗೆ ಮೂಲ ಕಾರಣ ಹೃದಯದ ರಕ್ತನಾಳದ ತೊಂದರೆ. ತೊಂಬತ್ತು ದಿನಗಳೊಳಗೆ ನೂರಕ್ಕೆ ಹದಿನಾಲ್ಕು ಮಂದಿ ಇಲ್ಲವಾದರು.

ಆಘಾತದ ಮೇಲೆ ಏನಾಗುತ್ತದೆ? ರಕ್ತ ಸಿಗದ ಜಾಗದ ಗೋಡೆ ಮೊದಲ ದಿನಗಳಲ್ಲೇ ತೆಳುವಾಗಿ ಹೊರಕ್ಕೆ ಜಗ್ಗುತ್ತದೆ. ಸತ್ತ ಭಾಗದ ಕೆಲಸವನ್ನೂ ಹೊತ್ತುಕೊಂಡ ಉಳಿದ ಗೋಡೆ ತಿಂಗಳುಗಟ್ಟಲೆ ಹಿಗ್ಗುತ್ತಾ ಹೋಗುತ್ತದೆ. ನ್ಯೂಜಿಲೆಂಡಿನ ಹಾರ್ವೆ ವೈಟ್ ಮತ್ತು ಜೊತೆಗಾರರು 1987ರಲ್ಲಿ ಆಘಾತದಿಂದ ಉಳಿದ 605 ಗಂಡಸರ ವಿವರ ಪ್ರಕಟಿಸಿದರು. ಯಾರು ಬದುಕುತ್ತಾರೆ ಎಂಬುದನ್ನು ಎಲ್ಲಕ್ಕಿಂತ ಚೆನ್ನಾಗಿ ಹೇಳಿದ್ದು ಪಂಪಿಂಗ್ ಶೇಕಡಾ ಅಲ್ಲ. ಬಡಿತದ ಕೊನೆಯಲ್ಲಿ, ತಳ್ಳಿ ಮುಗಿದ ಮೇಲೆ, ಕೋಣೆಯಲ್ಲಿ ಎಷ್ಟು ರಕ್ತ ಉಳಿಯುತ್ತದೆ ಎಂಬುದು!

ಹಾಗಾದರೆ ಹಿಗ್ಗುವುದನ್ನು ತಡೆದರೆ? ಈ ಪ್ರಶ್ನೆಗೆ ಉತ್ತರ ಒಂದು ಹಾವಿನ ಬಾಯಿಂದ ಬಂತು ಎಂದರೆ ನಂಬುತ್ತೀರಾ? ಬ್ರೆಜಿಲ್ಲಿನ ಜರಾರಾಕ ಎಂಬ ಮಂಡಲ ಜಾತಿಯ ಹಾವು ಕಚ್ಚಿದರೆ ರಕ್ತದೊತ್ತಡ ಕುಸಿಯುತ್ತದೆ. ಅದರ ವಿಷದಲ್ಲಿರುವ ಅಂಶವನ್ನು ಸೆರ್ಜಿಯೊ ಫೆರೆರಾ 1960ರ ದಶಕದಲ್ಲಿ ಬೇರ್ಪಡಿಸಿದರು. ಅದರ ಜಾಡು ಹಿಡಿದು ಡೇವಿಡ್ ಕುಶ್‌ಮನ್ ಮತ್ತು ಮಿಗೆಲ್ ಒಂಡೆಟ್ಟಿ ಕ್ಯಾಪ್ಟೊಪ್ರಿಲ್ ಎಂಬ ಮಾತ್ರೆ ಕಟ್ಟಿದರು. ಬಾಸ್ಟನ್ನಿನ ಮಾರ್ಕ್ ಮತ್ತು ಜ್ಯಾನಿಸ್ ಫೆಫರ್ ಅದನ್ನು ಹೃದಯಾಘಾತವಾದ ಇಲಿಗಳಿಗೆ ಕೊಟ್ಟು ನೋಡಿದರು. ಕೋಣೆ ಹಿಗ್ಗುವುದು ಕಡಿಮೆಯಾಯಿತು, ಇಲಿಗಳು ಹೆಚ್ಚು ದಿನ ಬದುಕಿದವು. 1992ರಲ್ಲಿ ಮನುಷ್ಯರ ಸರದಿ: 2,231 ಮಂದಿ, ಆಘಾತವಾಗಿ 3ರಿಂದ 16 ದಿನಗಳೊಳಗೆ ಮಾತ್ರೆ ಶುರು. ಮೂರೂವರೆ ವರ್ಷದ ಹೊತ್ತಿಗೆ ಬರಿಗುಳಿಗೆ ತಿಂದವರಲ್ಲಿ ಶೇ 25ರಷ್ಟು ಮಂದಿ ತೀರಿಕೊಂಡಿದ್ದರೆ ಕ್ಯಾಪ್ಟೊಪ್ರಿಲ್ ತಿಂದವರಲ್ಲಿ ಶೇ 20ರಷ್ಟು. ನೂರಕ್ಕೆ ಐದು ಜೀವ, ಆಕಾರ ಉಳಿಸಿಕೊಂಡದ್ದರಿಂದ! ಹೆಸರು 'ಪ್ರಿಲ್' ಎಂದು ಮುಗಿಯುವ ಇಂದಿನ ಅಗ್ಗದ ಮಾತ್ರೆಗಳೆಲ್ಲ ಆ ಹಾವಿನ ವಂಶದವೇ.

ಮಾತ್ರೆಗೂ ಮೊದಲಿನ ಕೆಲಸ ಇನ್ನೂ ದೊಡ್ಡದು. ಕಟ್ಟಿಕೊಂಡ ರಕ್ತನಾಳ ಬೇಗ ತೆರೆದಷ್ಟೂ ಸಾಯುವ ಗೋಡೆ ಕಡಿಮೆ. ಕರ್ನಾಟಕ ಸರ್ಕಾರ 2023ರಲ್ಲಿ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯನ್ನು ನಾನು ಈ ಕಣ್ಣಿನಿಂದ ನೋಡುತ್ತೇನೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ನಿಮಿಷಗಳಲ್ಲಿ ಓದಿ, ಆಘಾತವೇ ಎಂದಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುವ ಏರ್ಪಾಡು ಅದು. ಆ ಮೊದಲ ಗಂಟೆಯಲ್ಲಿ ಉಳಿಯುವುದು ಆ ದಿನದ ಜೀವವಷ್ಟೇ ಅಲ್ಲ. ಐದು ವರ್ಷದ ಮೇಲೆ ಆ ಹೃದಯ ಯಾವ ಆಕಾರದಲ್ಲಿರಬೇಕು ಎಂಬುದೂ ಅಲ್ಲೇ ತೀರ್ಮಾನವಾಗುತ್ತದೆ.

ಇಷ್ಟು ಹೊತ್ತು ಎಡಗಡೆಯ ಮಾತಾಯಿತು. ಕೋಲಾರದ ನೆಲಕ್ಕೆ ಬಲಗಡೆಯ ಕಥೆಯೂ ಸೇರಿದೆ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ, 2001ರ ಫೆಬ್ರವರಿ 28ರಂದು ಮುಚ್ಚಿದ ಕೆ.ಜಿ.ಎಫ್. ಚಿನ್ನದ ಗಣಿಗಳಲ್ಲಿ ಕಲ್ಲು ಕೊರೆದವರು ಸಿಲಿಕಾ ದೂಳು ಕುಡಿದರು. 1940ರ ದಶಕದಲ್ಲಿ 7,600ಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ 43ಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡಿತ್ತು. ಅದನ್ನು ಪುಪ್ಪುಸದ, ಎಂದರೆ ಶ್ವಾಸಕೋಶದ, ರೋಗ ಎಂದೇ ನಾವು ಓದಿದ್ದೇವೆ. ಆದರೆ ದೂಳಿನಿಂದ ಗಂಟುಗಟ್ಟಿದ ಪುಪ್ಪುಸಕ್ಕೆ ರಕ್ತ ತಳ್ಳಬೇಕಾದವನು ಯಾರು? ಬಲ ಹೃತ್ಕುಕ್ಷಿ. ಅದರ ಗೋಡೆ ತೆಳು, ಎಡಕೋಣೆಯನ್ನು ಅಪ್ಪಿಕೊಂಡ ಅರ್ಧಚಂದ್ರದ ರೂಪ, ಕಡಿಮೆ ಒತ್ತಡದ ಕೆಲಸಕ್ಕೆ ಹುಟ್ಟಿದ್ದು. ಪುಪ್ಪುಸದ ನಾಳಗಳಲ್ಲಿ ಒತ್ತಡ ಏರಿದರೆ ಅದು ದಪ್ಪಗಾಗಿ, ಆಮೇಲೆ ಹಿಗ್ಗಿ, ನಡುಗೋಡೆಯನ್ನು ಎಡಕ್ಕೆ ಒತ್ತುತ್ತದೆ. ಅಡ್ಡಸೀಳಿನಲ್ಲಿ ದುಂಡಗಿದ್ದ ಎಡಕೋಣೆ ಚಪ್ಪಟೆಯಾಗಿ ಅರ್ಧಚಂದ್ರವಾಗುತ್ತದೆ. ಎರಡು ಕೋಣೆಗಳು ರೂಪ ಅದಲುಬದಲು ಮಾಡಿಕೊಂಡ ಹಾಗೆ! 1940ರ ದಶಕದ ಆ ಗಣಿಗಾರರ ಕಾಲದಲ್ಲಿ ಎಕೋ ಇನ್ನೂ ಹುಟ್ಟಿರಲಿಲ್ಲ. ಅವರ ಬಲಕೋಣೆಗಳು ಎಷ್ಟು ಹಿಗ್ಗಿದವು ಎಂದು ಯಾರೂ ಅಳೆಯಲಿಲ್ಲ. ಚಿನ್ನದ ಪ್ರತಿ ಔನ್ಸಿಗೆ ಲೆಕ್ಕ ಇಟ್ಟವರಿದ್ದರು. ಈ ಲೆಕ್ಕ ಇಡುವವರು ಇರಲಿಲ್ಲ. ಇದು ನನ್ನನ್ನು ಬಹಳ ನೋಯಿಸುತ್ತದೆ. ಕಲ್ಲು ಒಡೆಯುವ, ಕೊರೆಯುವ ಕೆಲಸ ಈ ಜಿಲ್ಲೆಯಲ್ಲಿ ಗಣಿಯ ಜೊತೆಗೆ ಮುಗಿದುಹೋಗಿಲ್ಲ ಎಂಬುದನ್ನೂ ನೆನಪಿಡಬೇಕು.

ಅದೇ ಬಲಕೋಣೆಯನ್ನು ಈಗ ಯಂತ್ರ ಓದುತ್ತಿದೆ. 2019ರಲ್ಲಿ ಲಂಡನ್ನಿನ ತಂಡವೊಂದು ಪುಪ್ಪುಸದ ನಾಳಗಳ ಒತ್ತಡ ಏರಿದ 302 ರೋಗಿಗಳ ಎಂ.ಆರ್.ಐ. ಚಿತ್ರಗಳನ್ನು ಕಂಪ್ಯೂಟರಿಗೆ ಕೊಟ್ಟಿತು. ಬಲಕೋಣೆಯ ಮೈಮೇಲಿನ ಸಾವಿರಾರು ಬಿಂದುಗಳು ಒಂದು ಬಡಿತದಲ್ಲಿ ಎಲ್ಲಿಂದ ಎಲ್ಲಿಗೆ ಸರಿಯುತ್ತವೆ ಎಂಬುದನ್ನು ಅದು ಹಿಂಬಾಲಿಸಿತು. ಇಬ್ಬರು ರೋಗಿಗಳನ್ನು ಪಕ್ಕಪಕ್ಕ ಇಟ್ಟು ಯಾರು ಹೆಚ್ಚು ಕಾಲ ಬದುಕುತ್ತಾರೆ ಎಂದು ಕೇಳಿದರೆ ಮಾಮೂಲಿ ಅಳತೆಗಳು ನೂರಕ್ಕೆ 59 ಸಲ ಸರಿ ಹೇಳಿದವು. ಈ ಯಂತ್ರ 75 ಸಲ. ನಾಲ್ಕು ಮನೆಗಳ ವಿಂಗಡಣೆಯಿಂದ ಸಾವಿರಾರು ಬಿಂದುಗಳ ನಕ್ಷೆಗೆ ಬರಲು ಇಪ್ಪತ್ತೇಳು ವರ್ಷ ಸಾಕಾದವು.

ಆಕಾರವೇ ಹಣೆಬರಹವಾದರೆ, ಕತ್ತರಿಸಿ ಸರಿಮಾಡಿಬಿಡೋಣ ಅನ್ನಿಸುವುದು ಸಹಜ. ಬ್ರೆಜಿಲ್ಲಿನ ಶಸ್ತ್ರವೈದ್ಯ ರಾಂಡಾಸ್ ಬತಿಸ್ಟಾ 1990ರ ದಶಕದಲ್ಲಿ ಹಿಗ್ಗಿದ ಗೋಡೆಯ ಒಂದು ತುಂಡನ್ನೇ ಕತ್ತರಿಸಿ ಹೊಲಿದು ಜಗತ್ತನ್ನು ಬೆಚ್ಚಿಬೀಳಿಸಿದರು. ಅದರಿಂದ ಸಿಕ್ಕ ಗುಣ ಬಹುಕಾಲ ನಿಲ್ಲಲಿಲ್ಲ. 2009ರಲ್ಲಿ ಬಂದ ಸಾವಿರ ಮಂದಿಯ ಪರೀಕ್ಷೆಯಲ್ಲಿ, ಬೈಪಾಸ್ ಜೊತೆಗೆ ಕೋಣೆಯನ್ನೂ ಚಿಕ್ಕದು ಮಾಡಿದವರ ಅಳತೆ ಶೇ 19ರಷ್ಟು ಇಳಿದರೂ ಆಯುಸ್ಸು ಹೆಚ್ಚಲಿಲ್ಲ. ಕತ್ತಿಯಿಂದ ಬಂದ ಆಕಾರಕ್ಕೆ ಹೃದಯ ಸೊಪ್ಪು ಹಾಕಲಿಲ್ಲ! ಆದರೆ ಮೆಟೊಪ್ರೊಲಾಲ್, ಕಾರ್ವೆಡಿಲಾಲ್‌ನಂಥ ಮಾತ್ರೆಗಳು, ಆ 'ಪ್ರಿಲ್'ಗಳು, ಸ್ಪೈರೊನೊಲ್ಯಾಕ್ಟೋನ್ ತಿಂಗಳುಗಟ್ಟಲೆ ಸೇರಿ ದುಡಿದಾಗ ಎಷ್ಟೋ ಹೃದಯಗಳು ತಾವಾಗಿಯೇ ಕುಗ್ಗಿ ಹಳೆಯ ರೂಪಕ್ಕೆ ತಿರುಗುತ್ತವೆ. ಕೋಶವೇ ಮನಸ್ಸು ಬದಲಿಸಿ ಕಟ್ಟಿದ ಆಕಾರ ಅದು. ಆಯುಸ್ಸು ಹೆಚ್ಚುವುದು ಆಗ.

ಬಸಿರಿನ ಕೊನೆಯ ತಿಂಗಳಲ್ಲೋ ಬಾಣಂತನದಲ್ಲೋ ಕೆಲವು ತಾಯಂದಿರ ಹೃದಯ ಇದ್ದಕ್ಕಿದ್ದಂತೆ ಹಿಗ್ಗುತ್ತದೆ. ದಮ್ಮು, ಕಾಲು ಊತವನ್ನು ಬಾಣಂತಿಯ ನಿಶ್ಶಕ್ತಿ ಎಂದು ತಳ್ಳಿಹಾಕುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅಮೆರಿಕದಲ್ಲಿ ಇಂಥ ನೂರು ತಾಯಂದಿರನ್ನು ಒಂದು ವರ್ಷ ಹಿಂಬಾಲಿಸಿದ ಅಧ್ಯಯನ 2015ರಲ್ಲಿ ಬಂತು. ಮೊದಲ ಎಕೋದಲ್ಲಿ ಕೋಣೆಯ ಅಗಲ 6 ಸೆಂಟಿಮೀಟರಿನೊಳಗಿದ್ದು ಪಂಪಿಂಗ್ 30ಕ್ಕೆ ಕಡಿಮೆಯಿಲ್ಲದವರಲ್ಲಿ ಶೇ 91ರಷ್ಟು ಮಂದಿ ಚೇತರಿಸಿಕೊಂಡರು. ಅಗಲ 6 ಮುಟ್ಟಿ ಅಥವಾ ದಾಟಿ ಪಂಪಿಂಗ್ 30ಕ್ಕಿಂತ ಕೆಳಗಿದ್ದವರಲ್ಲಿ ಒಬ್ಬರೂ ವರ್ಷದೊಳಗೆ ಪೂರ್ತಿ ಚೇತರಿಸಿಕೊಳ್ಳಲಿಲ್ಲ. ಬಾಣಂತಿಗೆ ಮಲಗಿದರೆ ಉಸಿರು ಕಟ್ಟುತ್ತಿದ್ದರೆ ಅದೇ ದಿನ ಎಕೋ ಆಗಬೇಕು.

ಕೆಲವರ ಗೋಡೆ ಹುಟ್ಟಿನಿಂದಲೇ ಸೂಕ್ಷ್ಮ. ಹೃದಯದ ಮಾಂಸದ ಪ್ರೋಟೀನೊಂದರ ಜೀನಿನಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವುದು ಭಾರತೀಯರಲ್ಲಿ ನೂರಕ್ಕೆ ಸುಮಾರು ನಾಲ್ಕು ಮಂದಿಯಲ್ಲಿದೆ ಎಂದು 2009ರಲ್ಲಿ ತೋರಿಸಿದ ಅಧ್ಯಯನದ ಮೊದಲ ಲೇಖಕ ಪೆರುಂದುರೈ ಧಂಡಪಾಣಿ.

ಮಾತ್ರೆಗಳಿಂದ ಹಳೆಯ ರೂಪಕ್ಕೆ ತಿರುಗಿದ ಹೃದಯವಾದರೂ ಪೂರ್ತಿ ಗುಣವಾಯಿತೇ? 2019ರಲ್ಲಿ ಬ್ರಿಟನ್ನಿನ ವೈದ್ಯರು ಹೀಗೆ ಚೇತರಿಸಿಕೊಂಡ 51 ಮಂದಿಯಲ್ಲಿ ಅರ್ಧದಷ್ಟು ಜನರ ಮಾತ್ರೆಗಳನ್ನು ಎಚ್ಚರದಿಂದ ನಿಲ್ಲಿಸಿ ನೋಡಿದರು. ಆರೇ ತಿಂಗಳಲ್ಲಿ ಅವರಲ್ಲಿ ಶೇ 44ರಷ್ಟು ಮಂದಿಯ ಹೃದಯ ಮತ್ತೆ ಸೋಲತೊಡಗಿತು. ಮಾತ್ರೆ ನಿಲ್ಲಿಸದವರಲ್ಲಿ ಆ ಅವಧಿಯಲ್ಲಿ ಯಾರಿಗೂ ಹಾಗಾಗಲಿಲ್ಲ. "ಈಗ ಚೆನ್ನಾಗಿದೀನಲ್ಲ, ಮಾತ್ರೆ ಯಾಕೆ?" ಎಂದು ಡಬ್ಬಿ ಮುಚ್ಚಿಡುವ ನಮ್ಮ ಹಿರಿಯರಿಗೆ ಈ ಅಂಕಿಯನ್ನು ಕೈ ಹಿಡಿದು ಹೇಳಬೇಕು.

ಇನ್ನು ಹುತ್ತೂರಿನಂಥ ಹೋಬಳಿಗೆ ಇದೆಲ್ಲ ತಲುಪುವ ಬಗೆ. 2021ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಎಕೋ ಮಾಡಿ ಅಭ್ಯಾಸವೇ ಇಲ್ಲದ ಎಂಟು ನರ್ಸುಗಳ ಕೈಗೆ ಪ್ರೋಬ್ ಕೊಟ್ಟರು. ಎಡಕ್ಕೆ ವಾಲಿಸಿ, ಸ್ವಲ್ಪ ತಿರುಗಿಸಿ ಎಂದು ಕಂಪ್ಯೂಟರೇ ದಾರಿ ಹೇಳುತ್ತಿತ್ತು. ಅವರು 240 ರೋಗಿಗಳ ಹೃದಯದ ಚಿತ್ರ ತೆಗೆದರು. ಎಡಕೋಣೆಯ ಅಳತೆ ಹೇಳಲು ಆ ಚಿತ್ರಗಳು ನೂರಕ್ಕೆ 98ಕ್ಕೂ ಹೆಚ್ಚು ಮಂದಿಯಲ್ಲಿ ಸಾಕಾದವು! ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸೊಬ್ಬರು ಬಿ.ಪಿ. ನೋಡುವ ಹೊತ್ತಿನಲ್ಲೇ ಗೋಡೆಯ ದಪ್ಪವನ್ನೂ ನೋಡುವ ದಿನ ಕನಸಲ್ಲ ಎಂದಾಯಿತು. ನಮ್ಮಲ್ಲಿ ಅಡ್ಡಿ ಬೇರೆಯದಿದೆ, ಅದಕ್ಕೆ ನ್ಯಾಯವಾದ ಕಾರಣವೂ ಇದೆ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆಯಡಿ ಅಲ್ಟ್ರಾಸೌಂಡ್ ಯಂತ್ರಗಳು ನೋಂದಣಿಯಾಗಲೇಬೇಕು, ಯಾರು ಬಳಸಬಹುದು ಎಂಬುದಕ್ಕೆ ನಿಯಮವಿದೆ, ಕೈಯಲ್ಲಿ ಹಿಡಿದು ಓಡಾಡುವ ಯಂತ್ರಗಳ ಮೇಲೆ ಕಟ್ಟುಪಾಡು ಇನ್ನೂ ಬಿಗಿ. ಹೆಣ್ಣುಮಕ್ಕಳನ್ನು ಉಳಿಸುವ ಆ ಕಾಯ್ದೆ ಸಡಿಲವಾಗಬಾರದು. ಹೃದಯವನ್ನಷ್ಟೇ ತೋರಿಸಿ ಬೇರೆಲ್ಲಕ್ಕೂ ಬೀಗ ಹಾಕಿಕೊಳ್ಳುವ ಯಂತ್ರಕ್ಕೆ ಅನುಮತಿ ಕೊಡುವ ದಾರಿಯನ್ನು ಸರ್ಕಾರ ಮತ್ತು ಹೃದ್ರೋಗ ತಜ್ಞರು ಕೂತು ಹುಡುಕಬೇಕು.

ಅಲ್ಲಿಯವರೆಗೆ ಕೋಲಾರಕ್ಕೋ ಬೆಂಗಳೂರಿಗೋ ಹೋಗಿ ಎಕೋ ಮಾಡಿಸಿದವರು ಪಂಪಿಂಗ್ ಜೊತೆಗೆ ಇನ್ನೆರಡು ಅಂಕಿಗಳನ್ನು ವೈದ್ಯರಿಂದ ಕೇಳಿ ತಿಳಿಯಿರಿ: ಎಡಕೋಣೆಯ ಅಗಲ ಎಷ್ಟು, ಗೋಡೆಯ ದಪ್ಪ ಎಷ್ಟು. ಹಳೆಯ ವರದಿಗಳನ್ನು ಎಸೆಯದೆ ತಾರೀಖಿನ ಸಾಲಿನಲ್ಲಿ ಒಂದೇ ಕವರಿನಲ್ಲಿಟ್ಟು, ಮುಂದಿನ ಸಲ ಹೋಗುವಾಗ ಎಲ್ಲವನ್ನೂ ತೆಗೆದುಕೊಂಡು ಹೋಗಿ. ಕಳೆದ ವರ್ಷ 5.8 ಇದ್ದದ್ದು ಈ ವರ್ಷ 5.3 ಆಗಿದೆಯೋ 6.2 ಆಗಿದೆಯೋ ಎಂಬುದು ವೈದ್ಯರಿಗೆ ಗೊತ್ತಾಗುವುದು ಆ ಕವರಿನಿಂದ.